ಮಿತವಾಗಿ ಬಳಸಿ, ಸಹಕರಿಸಿ

ದಾವಣಗೆರೆಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಹುಡುಗರೆಲ್ಲ ಸೇರಿ ಬಳಸುವ ಲ್ಯಾಬ್ ಸರ್ವರ್ ಮೊನ್ನೆ ಮತ್ತೆ ಮಲಗಿತು. ಒಬ್ಬ ಹುಡುಗ ಅದರಲ್ಲಿ ಫೋರ್ಕ್ ಬಾಂಬ್ ಹಾಕಿದ್ದ, ಅಂದರೆ ತನ್ನದೇ ನಕಲುಗಳನ್ನು ಹುಟ್ಟಿಸುತ್ತಾ ಹೋಗಿ ಯಂತ್ರವನ್ನೇ ತುಂಬಿಸುವ ಪುಟ್ಟ ಪ್ರೋಗ್ರಾಂ. ನನಗೆ ಖುಷಿ ಕೊಟ್ಟಿದ್ದು ಆಮೇಲೆ ಬಂದ ಸುತ್ತೋಲೆ. ವಿದ್ಯಾರ್ಥಿಗಳೆಲ್ಲ ಸರ್ವರನ್ನು ಮಿತವಾಗಿ ಬಳಸಿ ಸಹಕರಿಸಬೇಕಂತೆ. ಕೆಳಗೆ ಸಹಿ, ಸೀಲು, ಸೀಲಿನ ಮೇಲೆ ಇನ್ನೊಂದು ಸಹಿ. 2016ರ ಸ್ಮಾರ್ಟ್ ಸಿಟಿ ಮೊದಲ ಪಟ್ಟಿಯಲ್ಲೇ ಹೆಸರಿದ್ದ ಊರು ನಮ್ಮದು. ಸರ್ವರ್ ನಡೆಸುವ ಆಪರೇಟಿಂಗ್ ಸಿಸ್ಟಂ ಲಿನಕ್ಸ್‌ಗೂ ಗೋಡೆಗೆ ಕಾಗದ ಅಂಟಿಸಿಯೇ ಬುದ್ಧಿ ಹೇಳ್ತೀವಿ.

ಇದಕ್ಕೆಂದೇ ಲಿನಕ್ಸ್‌ನಲ್ಲಿ ಒಂದು ಫೈಲ್ ಇದೆ, ಲಿಮಿಟ್ಸ್ ಡಾಟ್ ಕಾನ್ಫ್. ಒಂದು ಸಾಲಿನಲ್ಲಿ ನಾಲ್ಕೇ ಮಾತು: ಯಾರಿಗೆ, ಸಾಫ್ಟೋ ಹಾರ್ಡೋ, ಯಾವುದಕ್ಕೆ, ಎಷ್ಟು. ಸಾಫ್ಟ್ ಮಿತಿಯನ್ನು ಹುಡುಗನೇ ಯುಲಿಮಿಟ್ ಅನ್ನೋ ಕಮಾಂಡ್ ಹೊಡೆದು ಹಾರ್ಡ್ ಮಿತಿವರೆಗೆ ಏರಿಸಿಕೊಳ್ಳಬಹುದು. ಅದರಾಚೆಗೆ ರೂಟ್, ಅಂದರೆ ಸರ್ವರಿನ ಯಜಮಾನನ ಖಾತೆ ಬೇಕು. ಎನ್‌ಪ್ರಾಕ್‌ಗೆ (ಒಬ್ಬನ ಪ್ರೋಸೆಸ್, ಅಂದರೆ ಓಡುತ್ತಿರುವ ಪ್ರೋಗ್ರಾಂಗಳ ಸಂಖ್ಯೆ) ಒಂದು ಹಾರ್ಡ್ ಮಿತಿ ಬರೆದಿದ್ದರೆ ಮೊನ್ನೆಯ ಫೋರ್ಕ್ ಬಾಂಬ್ ಆ ಹುಡುಗನ ಖಾತೆಯಲ್ಲೇ ಠುಸ್ಸಾಗುತ್ತಿತ್ತು. ಬರೀ 13 ಚಿಹ್ನೆಗಳ ಸಾಲು ಅದು. ತನ್ನನ್ನೇ ತಾನು ಎರಡೆರಡು ಸಲ ಕರೆದುಕೊಳ್ಳುತ್ತಾ ಹೋಗುತ್ತೆ. ಮೆಮೊರಿ ಖಾಲಿಯಾದಾಗ ಲಿನಕ್ಸಿನ ತಿರುಳಾದ ಕರ್ನಲ್ ಯಾವುದಾದರೂ ಪ್ರೋಸೆಸನ್ನು ಕೊಲ್ಲಲೇಬೇಕು. ಅದು ಹುಡುಕುವುದು ಮೆಮೊರಿ ತಿಂದು ದಪ್ಪಗಿರುವವರನ್ನು. ಬಾಂಬಿನ ಮರಿಗಳೆಲ್ಲ ಸಣಕಲು. ದಪ್ಪಗೆ ಕಂಡಿದ್ದು ಪಾಪ, ಅದೇ ಸರ್ವರಿನಲ್ಲಿದ್ದ ಡೇಟಾಬೇಸ್.

ಭದ್ರಾ ನಾಲೆ ನೋಡಿದವರಿಗೆ ಇದೇನು ಹೊಸದಲ್ಲ. ಮೇಲಿನವರು ಪಂಪ್‌ಸೆಟ್ ಇಟ್ಟು ಎತ್ತುತ್ತಾರೆ, ಕೊನೆ ಭಾಗದ ಗದ್ದೆಗೆ ನೀರು ಬರೋದು ಪೇಪರಿನಲ್ಲಿ ಮಾತ್ರ. ರಸ್ತೆ ತಡೆ ಆಗುತ್ತೆ. ಅಧಿಕಾರಿಗಳು ಬಂದು ಪೈಪು ಕೀಳಿಸುತ್ತಾರೆ, ಫೋಟೋ ಬರುತ್ತೆ, ಜೀಪು ಅತ್ತ ಹೋದ ಮೇಲೆ ಪೈಪು ಇತ್ತ ಬರುತ್ತೆ. ಆದ್ರೂ ಅಲ್ಲಿ ಮೈಲಿಗಟ್ಟಲೆ ದಂಡೆ ಕಾಯಬೇಕು, ಅಡಿಕೆ ತೋಟ ಇದೆ, ಓಟು ಇದೆ. ಇಲ್ಲಿ ಕಾಯಬೇಕಾದ್ದು ಒಂದು ಟೆಕ್ಸ್ಟ್ ಫೈಲ್, ಅಷ್ಟೇ ಅಲ್ವಾ?

ಏನೂ ಮಾಡಿಲ್ಲ ಅಂದರೆ ಪಾಪ ಬರುತ್ತೆ. ಕಳೆದ ಸಲ ಮಲಗಿದಾಗ ಒಂದು ಸಾಲು ಬರೆದಿದ್ದರು, ರೆಸಿಡೆಂಟ್ ಮೆಮೊರಿಗೆ, ಅಂದರೆ ಪ್ರೋಸೆಸ್ ನಿಜಕ್ಕೂ ಹಿಡಿದುಕೊಂಡ ಮೆಮೊರಿಗೆ ಮಿತಿ. ಆ ಮಿತಿಗೆ ಲಿನಕ್ಸ್ 2.4.30ನೇ ಆವೃತ್ತಿಯಿಂದ ಕ್ಯಾರೇ ಅನ್ನುತ್ತಿಲ್ಲ, ಅದರ ಕೈಪಿಡಿಯಾದ ಮ್ಯಾನ್ ಪೇಜಿನಲ್ಲೇ ಹಾಕಿದ್ದಾರೆ. ಅಡ್ರೆಸ್ ಸ್ಪೇಸಿಗೆ, ಅಂದರೆ ಪ್ರೋಸೆಸ್ ಕೇಳಿಕೊಳ್ಳುವ ಒಟ್ಟು ಜಾಗಕ್ಕೆ ಮಿತಿ ಹಾಕಿದರೂ ಅದು ಒಂದೊಂದು ಪ್ರೋಸೆಸ್‌ಗೆ ಲೆಕ್ಕ, ಆಸಾಮಿಗಲ್ಲ. ಒಬ್ಬನದ್ದೆಲ್ಲ ಸೇರಿ ಇಷ್ಟೇ ಅನ್ನಬೇಕಂದ್ರೆ, ಸರ್ವರಿನ ಸೇವೆಗಳನ್ನು ನಡೆಸುವ ಸಿಸ್ಟಂ‌ಡಿಯ ಯೂಸರ್ ಸ್ಲೈಸಿನಲ್ಲಿ (ಒಬ್ಬೊಬ್ಬನ ಪಾಲು) ಮೆಮೊರಿಮ್ಯಾಕ್ಸ್ ಅನ್ನೋ ಮಿತಿ ಬರೆಯಬೇಕು. ಇನ್ನು ಲಿಮಿಟ್ಸ್ ಫೈಲು ಓದುವುದು ಲಾಗಿನ್ ಆಗುವಾಗ. ದಸರಾ ರಜೆಯಿಂದ ಟಿಮಕ್ಸ್ (ಎದ್ದು ಹೋದರೂ ಮುಚ್ಚದ ಲಾಗಿನ್ ಕಿಟಕಿ) ತೆರೆದಿಟ್ಟು ಕೂತ ಮಹಾಶಯರಿಗೆ ಹೊಸ ಕಾನೂನು ತಟ್ಟುವುದೇ ಇಲ್ಲ. ಎಲ್ಲರಿಗೂ ಅಂತ ನಕ್ಷತ್ರ ಹಾಕಿದರೆ ಅದರಲ್ಲಿ ರೂಟ್ ಸೇರಲ್ಲ. ನಮ್ಮಲ್ಲಿ ರೂಟ್ ಪಾಸ್‌ವರ್ಡ್ ಗೊತ್ತಿಲ್ಲದ ಮೇಷ್ಟ್ರನ್ನು ತೋರಿಸಿ ನೋಡೋಣ.

ನಗು ಸಾಕು. ಸತ್ತ ಡೇಟಾಬೇಸಿನಲ್ಲಿ ಫೈನಲ್ ಇಯರ್ ಹುಡುಗಿಯೊಬ್ಬಳ ಪ್ರಾಜೆಕ್ಟ್ ಇತ್ತು. ವೈವಾದಲ್ಲಿ ಪರದೆ ಖಾಲಿ, ಮಾರ್ಕ್ಸ್ ಕಟ್. ಬಾಂಬ್ ಹಾಕಿದವನು ಸುಮ್ನೆ ಏನಾಗುತ್ತೆ ನೋಡೋಣ ಅಂತ ಹಾಕಿದ. ಹುಡುಗರು ಇರೋದೇ ಹಾಗೆ, ಮಿತಿ ಇರೋದೂ ಅದಕ್ಕೇ. ಅದನ್ನು ಹಾಕೋದು ಸಂಬಳ ತಗೊಳ್ಳುವವರ ಕೆಲಸ. ಹಾಕಲಿಲ್ಲ. ಅವಳ ಮಾರ್ಕ್ಸ್ ವಾಪಸ್ ಕೊಡುವ ಸುತ್ತೋಲೆ ಯಾರೂ ಹೊರಡಿಸಲಿಲ್ಲ.

ಈಗ ಹೊಸ ಸರ್ವರ್‌ಗೆ ಟೆಂಡರ್ ಕರೀತಾರಂತೆ, ಮೆಮೊರಿ ಡಬಲ್ ಅಂತೆ. ಬಾಂಬಿಗೆ ಅದನ್ನು ತುಂಬಿಸೋಕೆ ಇನ್ನೊಂದೆರಡು ಕ್ಷಣ ಜಾಸ್ತಿ ಬೇಕಾಗಬಹುದು.