ಡಾಡ್ಜರ್ಸ್ ಚಳಿಗಾಲದ ಖರ್ಚು ಅತಿಯಾಯಿತೇ?

ಅಮೆರಿಕದ ಬೇಸ್‌ಬಾಲ್‌ನಲ್ಲಿ ಪಂದ್ಯಗಳಿಲ್ಲದ ಚಳಿಗಾಲವೇ ಆಟಗಾರರ ಸಂತೆ. ಲಾಸ್ ಏಂಜಲಿಸ್ ಡಾಡ್ಜರ್ಸ್ ತಂಡ ಮೂರು ಚಳಿಗಾಲಗಳಿಂದ ಈ ಸಂತೆಯಲ್ಲಿ ಕೈಬಿಚ್ಚಿ ಖರ್ಚು ಮಾಡುತ್ತಿದೆ. ಅದು ಸರಿಯೇ? ಅದೇ ತಂಡದ ಇಬ್ಬರು ಅಭಿಮಾನಿಗಳು ಇಲ್ಲಿ ಎದುರುಬದುರಾಗಿದ್ದಾರೆ.

ಪರ: ನಮ್ಮ ದುಡ್ಡು ಮೈದಾನಕ್ಕೇ ಬರುತ್ತಿದೆ

2025ರ ನವೆಂಬರ್ 1ರ ರಾತ್ರಿ, ಟೊರಾಂಟೊದಲ್ಲಿ ವರ್ಷದ ಪ್ರಶಸ್ತಿ ನಿರ್ಧರಿಸುವ ವರ್ಲ್ಡ್ ಸೀರೀಸ್‌ನ ಏಳನೇ, ಕೊನೆಯ ಪಂದ್ಯ. ಒಂಬತ್ತನೇ ಇನ್ನಿಂಗ್‌ನಲ್ಲಿ ಬುಲ್‌ಪೆನ್ (ಬದಲಿ ಪಿಚರ್‌ಗಳು, ಅಂದರೆ ಚೆಂಡು ಎಸೆಯುವವರು, ಸಜ್ಜಾಗುವ ಜಾಗ) ಬಾಗಿಲು ತೆರೆದು ನಮ್ಮ ಪಿಚರ್ ಯೋಶಿನೊಬು ಯಮಾಮೊಟೊ ಓಡಿಬಂದಾಗ ನಾನು ಸೋಫಾದಿಂದ ಎದ್ದು ನಿಂತೆ. ಹಿಂದಿನ ರಾತ್ರಿಯಷ್ಟೇ ಆರು ಇನ್ನಿಂಗ್ ಆಡಿ 96 ಚೆಂಡು ಎಸೆದಿದ್ದ ತೋಳು ಅದು. ಬಂದವರೇ ಒಬ್ಬ ಬ್ಯಾಟರ್‌ಗೆ ಚೆಂಡು ತಗುಲಿಸಿದರು, ಮೂರೂ ಬೇಸ್ ತುಂಬಿದವು. ಆದರೂ ರನ್ ಬಿಡಲಿಲ್ಲ. ಹನ್ನೊಂದನೇ ಇನ್ನಿಂಗ್‌ನಲ್ಲಿ ಬ್ಯಾಟ್ ಮುರಿದು ಉರುಳಿಬಂದ ಚೆಂಡನ್ನು ಮೂಕಿ ಬೆಟ್ಸ್ ಎತ್ತಿಕೊಂಡು, ಎರಡನೇ ಬೇಸ್ ತುಳಿದು, ಫ್ರೆಡ್ಡಿ ಫ್ರೀಮನ್ ಅವರ ಗ್ಲೌಸಿಗೆ ಎಸೆದರು. ಅಲ್ಲಿಗೆ ಸತತ ಎರಡನೇ ಪ್ರಶಸ್ತಿ. 1998ರಿಂದ 2000ದವರೆಗಿನ ನ್ಯೂಯಾರ್ಕ್ ಯಾಂಕೀಸ್ ತಂಡದ ನಂತರ ಯಾರಿಗೂ ಆಗದಿದ್ದ ಕೆಲಸ.

ಯಮಾಮೊಟೊ ಕರಾರು 12 ವರ್ಷಕ್ಕೆ 32.5 ಕೋಟಿ ಡಾಲರ್. 2023ರ ಡಿಸೆಂಬರ್‌ನಲ್ಲಿ ಕೊಟ್ಟಾಗ ಅವರು ಮೇಜರ್ ಲೀಗ್‌ನಲ್ಲಿ ಒಂದು ಚೆಂಡನ್ನೂ ಎಸೆದಿರಲಿಲ್ಲ. ಆ ಧೈರ್ಯಕ್ಕೆ ನಾನು ಕೈಮುಗಿಯುತ್ತೇನೆ.

ಆಟಗಾರರ ಸಂಬಳ ಕೇಳಿ ಹುಬ್ಬೇರಿಸುವವರಿಗೆ ನಮ್ಮದೇ ತಂಡದ ಒಂದು ಹಳೆಯ ಕಥೆ ಹೇಳಬೇಕು. 1975ರವರೆಗೆ ಆಟಗಾರ ಒಮ್ಮೆ ಸಹಿ ಹಾಕಿದರೆ, ತಂಡ ತಾನಾಗಿ ಬಿಡುವ ತನಕ ಅದರ ಸ್ವತ್ತು. ಆ ವರ್ಷ ಡಾಡ್ಜರ್ಸ್ ಪಿಚರ್ ಆಂಡಿ ಮೆಸ್ಸರ್‌ಸ್ಮಿತ್ ಹೊಸ ಕರಾರಿಗೆ ಸಹಿ ಹಾಕದೆಯೇ ಇಡೀ ಸೀಸನ್ ಆಡಿದರು. ಡಿಸೆಂಬರ್‌ನಲ್ಲಿ ಮಧ್ಯಸ್ಥಗಾರ ಪೀಟರ್ ಸೈಟ್ಸ್ ಆಟಗಾರರ ಪರ ತೀರ್ಪು ಕೊಟ್ಟರು, ಸಂತೆ ಶುರುವಾದದ್ದೇ ಅಲ್ಲಿಂದ. ಹತ್ತು ವರ್ಷ ಕಳೆಯುವಷ್ಟರಲ್ಲಿ ಮಾಲೀಕರು ಒಳಗೊಳಗೇ ಮಾತಾಡಿಕೊಂಡು, ಬೇರೆ ತಂಡದ ಆಟಗಾರರನ್ನು ಕೇಳುವುದನ್ನೇ ನಿಲ್ಲಿಸಿದರು. ಅದು ಸಾಬೀತಾಗಿ 28 ಕೋಟಿ ಡಾಲರ್ ಪರಿಹಾರ ತೆತ್ತರು. ಆ ಪ್ರಕರಣದ ತೀರ್ಪಿನಿಂದಲೇ ಬಿಡುಗಡೆಯಾಗಿ 1988ರ ಆರಂಭದಲ್ಲಿ ನಮ್ಮಲ್ಲಿಗೆ ಬಂದವರು ಕರ್ಕ್ ಗಿಬ್ಸನ್. ಆ ಅಕ್ಟೋಬರ್‌ನಲ್ಲಿ ಕುಂಟುತ್ತ ಬಂದು ಅವರು ಹೊಡೆದ ಹೋಮ್ ರನ್ ಈ ಊರಿನ ಮಕ್ಕಳಿಗೂ ಬಾಯಿಪಾಠ. ಅದೂ ಚಳಿಗಾಲದ ಖರೀದಿಯೇ ಅಲ್ಲವೇ?

ಖರ್ಚು ಮಾಡದ ಮಾಲೀಕರನ್ನೂ ನಾವು ಕಂಡಿದ್ದೇವೆ. 2011ರಲ್ಲಿ ಇದೇ ತಂಡ ದಿವಾಳಿ ಅರ್ಜಿ ಹಾಕಿತ್ತು. ಆಗಲೂ ನಾವು ಟಿಕೆಟ್ ಕೊಂಡೆವು, ಪಾರ್ಕಿಂಗ್‌ಗೆ ಕೊಟ್ಟೆವು, ಆ ದುಡ್ಡು ಎಲ್ಲಿ ಹೋಗುತ್ತಿದೆ ಎಂದು ಗೊತ್ತಾಗುತ್ತಿರಲಿಲ್ಲ. 2025ರಲ್ಲಿ 40 ಲಕ್ಷಕ್ಕೂ ಹೆಚ್ಚು ಜನ ಮೈದಾನಕ್ಕೆ ಬಂದರು. ಕೊಟ್ಟದ್ದು ಎಲ್ಲಿಗೆ ಹೋಯಿತು ಎಂಬುದು ಈಗ ಕಣ್ಣೆದುರಿಗೇ ಇದೆ.

ನಮ್ಮ ತಾರೆ ಶೋಹೇ ಒಹ್ತಾನಿ ಅವರ ಕರಾರನ್ನು ಕಳ್ಳದಾರಿ ಅನ್ನುವವರಿದ್ದಾರೆ. 70 ಕೋಟಿ ಡಾಲರ್‌ನಲ್ಲಿ ಈಗ ಅವರ ಕೈಗೆ ಬರುವುದು ವರ್ಷಕ್ಕೆ 20 ಲಕ್ಷ ಡಾಲರ್. ಉಳಿದ 68 ಕೋಟಿ 2034ರಿಂದ 2043ರವರೆಗೆ, ಬಡ್ಡಿಯಿಲ್ಲದೆ. ಆದರೆ ಈ ದಾರಿ ಮೂವತ್ತೂ ತಂಡಗಳಿಗೆ ತೆರೆದಿದೆ. ಮುಂದೂಡಿದ ಹಣಕ್ಕಾಗಿ ತಂಡ ಮೊದಲೇ ದುಡ್ಡು ತೆಗೆದಿಡಬೇಕು. ಒಟ್ಟು ಸಂಬಳ ಒಂದು ಮಿತಿ ದಾಟಿದರೆ ತಂಡ ಲೀಗ್‌ಗೆ ತೆರಿಗೆ ಕಟ್ಟಬೇಕು; ಆ ಲೆಕ್ಕದಲ್ಲಿ ಒಹ್ತಾನಿ ಹೆಸರಿಗೆ ವರ್ಷಕ್ಕೆ ಸುಮಾರು 4.6 ಕೋಟಿ ಡಾಲರ್ ಬೀಳುತ್ತದೆ. ಮಿತಿ ಮೀರಿದ್ದಕ್ಕೆ 2025ರಲ್ಲಿ ನಮ್ಮ ತಂಡಕ್ಕೆ ಬಿದ್ದ ತೆರಿಗೆಯೇ ಸುಮಾರು 17 ಕೋಟಿ ಡಾಲರ್. ಇನ್ನು ದುಡ್ಡೊಂದೇ ಗೆಲ್ಲಿಸುವುದಾದರೆ 2023ರಲ್ಲಿ ಎಲ್ಲರಿಗಿಂತ ಹೆಚ್ಚು ಸಂಬಳ ಕೊಟ್ಟ ನ್ಯೂಯಾರ್ಕ್ ಮೆಟ್ಸ್ 87 ಪಂದ್ಯ ಸೋಲುತ್ತಿರಲಿಲ್ಲ. ಯಾರಿಗೆ ಕೊಡಬೇಕು ಎಂದು ತಿಳಿದು ಕೊಡುವವರು ನಮ್ಮಲ್ಲಿದ್ದಾರೆ.

ವಿರೋಧ: ತಪ್ಪಿಗೆ ಬೆಲೆಯೇ ಇಲ್ಲದ ಆಟ

2014ರಿಂದ 2020ರವರೆಗೆ ನಮ್ಮ ಮನೆಯ ಟಿವಿಯಲ್ಲಿ ಡಾಡ್ಜರ್ಸ್ ಬರುತ್ತಿರಲಿಲ್ಲ. ತಂಡ ಪ್ರಸಾರದ ಹಕ್ಕನ್ನು 25 ವರ್ಷಕ್ಕೆ 835 ಕೋಟಿ ಡಾಲರ್‌ಗೆ ಮಾರಿತ್ತು. ಆ ಹಣ ವಾಪಸ್ ತೆಗೆಯಲು ಹೊಸ ವಾಹಿನಿಗೆ ಇಟ್ಟ ದರವನ್ನು ನಮ್ಮ ಕೇಬಲ್‌ನವರು ಕೊಡಲು ಒಪ್ಪಲಿಲ್ಲ. ಕೆಲಸ ಮುಗಿಸಿ ಬಂದು, ಮನೆ ಮುಂದೆ ಕಾರು ನಿಲ್ಲಿಸಿ, ಇಂಜಿನ್ ಆರಿಸಿ, ರೇಡಿಯೋ ಮಾತ್ರ ಹಾಗೇ ಬಿಟ್ಟು ಕೂತಿರುತ್ತಿದ್ದೆ. ವೀಕ್ಷಕ ವಿವರಣೆಗಾರ ವಿನ್ ಸ್ಕಲಿ ಅವರ ದನಿ ಮೊದಲ ಮೂರು ಇನ್ನಿಂಗ್ ಮಾತ್ರ ರೇಡಿಯೋದಲ್ಲೂ ಬರುತ್ತಿತ್ತು. ಮೂರನೆಯದು ಮುಗಿದೊಡನೆ ಒಳಗೆ ಹೋಗಿ ಆರಿದ ಸಾರನ್ನ ಉಣ್ಣುತ್ತಿದ್ದೆ. 67 ಸೀಸನ್ ಈ ತಂಡದ ದನಿಯಾಗಿದ್ದವರು, 2016ರಲ್ಲಿ ನಿವೃತ್ತರಾದರು. ಅವರ ಕೊನೆಯ ಮೂರು ವರ್ಷಗಳನ್ನು, ತೀರಾ ಕೊನೆಯ ಕೆಲವು ಪಂದ್ಯ ಬಿಟ್ಟರೆ, ಅವರದೇ ಊರಿನ ಬಹುಪಾಲು ಮನೆಗಳು ನೋಡಲಿಲ್ಲ. ಆದ್ದರಿಂದ ಈ ಚಳಿಗಾಲದ ಖರೀದಿಗಳ ಬಗ್ಗೆ ಯಾರಾದರೂ ಹೆಮ್ಮೆಪಟ್ಟಾಗ ನನಗೆ ಆ ಕಾರು ನೆನಪಾಗುತ್ತದೆ.

ಆಟಗಾರರಿಗೆ ಕೊಡಬಾರದು ಎಂದು ನಾನು ಹೇಳುತ್ತಿಲ್ಲ. ನನ್ನ ತಕರಾರು ಬೇರೆ. 2025ರ ಜನವರಿಯಲ್ಲಿ, ಕೊನೆಯ ಇನ್ನಿಂಗ್‌ನಲ್ಲಿ ಗೆಲುವು ಕಾಯಲು ಟ್ಯಾನರ್ ಸ್ಕಾಟ್ ಅವರನ್ನು ನಾಲ್ಕು ವರ್ಷಕ್ಕೆ 7.2 ಕೋಟಿ ಡಾಲರ್ ಕೊಟ್ಟು ತಂದರು. ಕಾಯಬೇಕಿದ್ದ ಮುನ್ನಡೆಯನ್ನು ಸ್ಕಾಟ್ ಹತ್ತು ಸಲ ಕೈಬಿಟ್ಟರು. ಒಂದು ವರ್ಷಕ್ಕೆ 1.7 ಕೋಟಿ ಪಡೆದ ಮೈಕಲ್ ಕನ್‌ಫೋರ್ಟೊ ಅವರ ಬ್ಯಾಟಿಂಗ್ ಸರಾಸರಿ .199, ಅಂದರೆ ತೀರಾ ಕಳಪೆ. ಅಕ್ಟೋಬರ್‌ನಲ್ಲಿ ಇಬ್ಬರೂ ಕಣಕ್ಕಿಳಿಯಲಿಲ್ಲ. ಕೊನೆಯ ಇನ್ನಿಂಗ್‌ಗಳನ್ನು ಉಳಿಸಿದ್ದು 65 ಲಕ್ಷ ಡಾಲರ್ ಬೋನಸ್‌ಗೆ ಬಂದ ರೋಕಿ ಸಾಸಾಕಿ. ಬೇರೆ ಊರಿನ ತಂಡ ಇಂಥ ಎರಡು ತಪ್ಪು ಮಾಡಿದ್ದರೆ ಮೂರು ನಾಲ್ಕು ವರ್ಷ ಅನುಭವಿಸಬೇಕಿತ್ತು. ನಾವು? ಅದೇ ವರ್ಷದ ಡಿಸೆಂಬರ್‌ನಲ್ಲೇ ಎಡ್ವಿನ್ ಡಿಯಾಜ್ ಅವರಿಗೆ ಮೂರು ವರ್ಷಕ್ಕೆ 6.9 ಕೋಟಿ. ಅದಾದ ತಿಂಗಳಲ್ಲೇ ಕೈಲ್ ಟಕರ್ ಅವರಿಗೆ ನಾಲ್ಕು ವರ್ಷಕ್ಕೆ 24 ಕೋಟಿ. ತಪ್ಪಿಗೆ ಬೆಲೆ ತೆರಬೇಕಿಲ್ಲದ ತಂಡದ ಜಾಣತನವನ್ನು ನಾನು ಹೇಗೆ ಹೊಗಳಲಿ?

ಐಪಿಎಲ್ ನೋಡುವವರಿಗೆ ಇದು ಬೇಗ ಅರ್ಥವಾಗುತ್ತದೆ. 2025ಕ್ಕೆ ಎಲ್ಲ ತಂಡಗಳ ಪರ್ಸ್ ಒಂದೇ, 120 ಕೋಟಿ ರೂಪಾಯಿ. ಆ ವರ್ಷ ಆರ್‌ಸಿಬಿ 18ನೇ ಸೀಸನ್‌ನಲ್ಲಿ ಗೆದ್ದಾಗ ‘ದುಡ್ಡು ಸುರಿದು ಗೆದ್ದರು’ ಎಂದು ಬೇರೆ ತಂಡದವರು ಹೇಳುವ ಹಾಗಿರಲಿಲ್ಲ. ನನ್ನ ಆಫೀಸಿನಲ್ಲಿ ಎದುರಾಳಿ ಸ್ಯಾನ್ ಡಿಯಾಗೊ ತಂಡದ ಕಡೆಯವನೊಬ್ಬ ಇದನ್ನೇ ಹೇಳುತ್ತಾನೆ, ನಾನು ಉತ್ತರ ಹುಡುಕುತ್ತೇನೆ.

ಇನ್ನೂ ದೊಡ್ಡ ಭಯವಿದೆ. ಆಟಗಾರರ ಸಂಘ ಮತ್ತು ಮಾಲೀಕರ ನಡುವಿನ ಒಪ್ಪಂದ 2026ರ ಡಿಸೆಂಬರ್ 1ಕ್ಕೆ ಮುಗಿಯುತ್ತದೆ. ಸಂಬಳಕ್ಕೆ ಕಡ್ಡಾಯ ಮಿತಿ ಬೇಕು ಎನ್ನುವ ಮಾಲೀಕರು ಬೆರಳು ತೋರಿಸುವುದು ನಮ್ಮ ಕಡೆಗೇ. ಇದೇ ಮಿತಿಯ ಜಗಳದಲ್ಲಿ 1994ರಲ್ಲಿ ಆಗಸ್ಟ್‌ಗೇ ಆಟ ನಿಂತು ವರ್ಲ್ಡ್ ಸೀರೀಸ್ ರದ್ದಾಯಿತು. ಮೆಸ್ಸರ್‌ಸ್ಮಿತ್ ಗೆದ್ದುಕೊಟ್ಟ ಹಕ್ಕಿಗೆ ಕತ್ತರಿ ಬಿದ್ದರೆ, ಆ ಕತ್ತರಿಗೆ ಸಾಣೆ ಹಿಡಿದವರಲ್ಲಿ ನಮ್ಮ ತಂಡವೂ ಒಂದಾಗುತ್ತದೆ.

ಏಳನೇ ಪಂದ್ಯದ ಒಂಬತ್ತನೇ ಇನ್ನಿಂಗ್ ನಾನೂ ನೋಡಿದೆ. ಮೊದಲು ಸ್ಕೋರ್ ಸಮ ಮಾಡಿದ್ದು ಸಣ್ಣ ಸಂಬಳದ ಮಿಗೆಲ್ ರೋಹಾಸ್ ಅವರ ಹೋಮ್ ರನ್. ಆಮೇಲೆ ಮೂರೂ ಬೇಸ್ ತುಂಬಿದ್ದಾಗ ಯಮಾಮೊಟೊ ಎಸೆದ ಚೆಂಡನ್ನು ಟೊರಾಂಟೊ ಬ್ಯಾಟರ್ ಗೋಡೆಯ ಕಡೆಗೆ ಎತ್ತಿ ಹೊಡೆದ. ಅದು ನೆಲಕ್ಕೆ ಬಿದ್ದರೆ ಎಲ್ಲ ಮುಗಿಯಿತು. ಕ್ಯೂಬಾದಿಂದ ಹದಿಹರೆಯದಲ್ಲಿ ಬಂದು ನಮ್ಮ ಕೆಳಹಂತದ ತಂಡಗಳಲ್ಲೇ ಬೆಳೆದ ಆಂಡಿ ಪಾಹೆಸ್, ಅಕ್ಟೋಬರ್ ಪೂರ್ತಿ ಬ್ಯಾಟ್ ಕೈಕೊಟ್ಟು ಬೆಂಚಿನ ಮೇಲಿದ್ದ ಹುಡುಗ, ಆಗಷ್ಟೇ ಫೀಲ್ಡಿಂಗ್‌ಗೆ ಇಳಿದಿದ್ದ. ಓಡಿಬಂದು, ನಮ್ಮವರೇ ಆದ ಕೀಕೆ ಹೆರ್ನಾಂಡೆಜ್ ಮೇಲೆ ಬಿದ್ದು, ಅವರನ್ನು ಕೆಡವಿ ಚೆಂಡು ಹಿಡಿದ. ಹೆರ್ನಾಂಡೆಜ್ ಮುಖ ಕೆಳಗಾಗಿ ಹುಲ್ಲಿನ ಮೇಲೆ ಬಿದ್ದೇ ಇದ್ದರು. ಪಾಹೆಸ್ ಗ್ಲೌಸಿನಲ್ಲಿ ಚೆಂಡಿತ್ತು. ಈಗ ಟಕರ್ ಬಂದ ಮೇಲೆ ಗೋಡೆಯ ಬಳಿಯ ಆ ಫೀಲ್ಡರ್‌ಗಳ ಸಾಲಿನಲ್ಲಿ ನಮ್ಮ ಹುಡುಗರಿಗೆ ಒಂದು ಜಾಗ ಕಡಿಮೆ.