ಕಾಳಿ ಹೊಳೆಯಲ್ಲಿ ಮರಳು ತೆಗೆಯಬೇಕಾ? ಪರ-ವಿರೋಧ

ಪರ: ತೆಗೆಯಲಿ ಬಿಡಿ

ನಮ್ಮ ಕಾರವಾರದ ಕಾಳಿ ಯಾವತ್ತೂ ಸುಮ್ನೆ ನೋಡುವುದಕ್ಕಿದ್ದ ಹೊಳೆಯಲ್ಲ. ಸೇತುವೆ ಇಲ್ಲದ ಕಾಲದಲ್ಲಿ ಕೋಡಿಬಾಗದಿಂದ ಸದಾಶಿವಗಡಕ್ಕೆ ತಾರಿಯಲ್ಲೇ, ಅಂದರೆ ಜನರನ್ನು ದಾಟಿಸುವ ದೋಣಿಯಲ್ಲೇ, ದಾಟಬೇಕಿತ್ತು. ಸೇತುವೆ ಬಂತು, ತಾರಿ ನಿಂತಿತು. ಈಗ ದೋಣಿಯವರಿಗೆ ಮರಳೂ ಬೇಡ ಅಂದರೆ ಅವರು ಏನು ತಿನ್ನಬೇಕು?

ನನ್ನದೇ ಕಥೆ ಕೇಳಿ. ಮನೆ ಕಟ್ಟಲು ಶುರು ಮಾಡಿದ್ದೆ. ಚಿರೆಕಲ್ಲಿನ ಗೋಡೆ ಲಿಂಟಲ್ ತನಕ ಬಂದಿತ್ತು, ಅಷ್ಟರಲ್ಲಿ ಮರಳು ಬಂದ್. ಮೇಸ್ತ್ರಿ ನಾಲ್ಕು ದಿನ ಕಾದು ಗೋವಾಕ್ಕೆ ಹೋದ. ಮಳೆಗಾಲವಿಡೀ ಗೋಡೆ ನೆನೆದು ಹಾವಸೆ ಕಟ್ಟಿತು, ಅಡುಗೆಮನೆ ಆಗಬೇಕಿದ್ದ ಜಾಗದಲ್ಲಿ ಕಪ್ಪೆ ಸಂಸಾರ ಹೂಡಿತು, ನಾವು ಮಾತ್ರ ಬಾಡಿಗೆ ಕಟ್ಟುತ್ತಲೇ ಇದ್ದೆವು. ಕೊನೆಗೆ ಘಟ್ಟದ ಮೇಲಿಂದ ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ತರಿಸಿದೆ. ಲಾರಿ ಬಾಡಿಗೆಯೇ ಕಣ್ಣೀರು ತರಿಸಿತು. ಎದುರಿಗೇ ಹೊಳೆ, ಹೊಳೆ ತುಂಬ ಮರಳು!

ಮರಳು ತೆಗೆದರೆ ತಿಸ್ರೆ (ಹೊಳೆಯ ಚಿಪ್ಪಿಮೀನು) ಸಾಯುತ್ತದೆ ಅನ್ನುವವರು ತಿಸ್ರೆ ನೋಡಿರುವುದು ಭಾನುವಾರದ ಊಟದ ತಟ್ಟೆಯಲ್ಲಿ. ನೀರಲ್ಲಿ ಮುಳುಗಿ ಬುಟ್ಟಿಯಲ್ಲಿ ಮರಳು ಎತ್ತಿದರೆ ಹೊಳೆ ಬತ್ತುತ್ತದಾ? ಅಣೆಕಟ್ಟು ಮೇಲಿನ ಮರಳು ತಡೆಯುತ್ತದೆ ಅನ್ನುವ ಮಾತು ಬೇರೆ, ಅದನ್ನು ಇಲ್ಲಿಗೆ ಎಳೆಯಬೇಡಿ.

ವಿರೋಧ: ಸದ್ಯಕ್ಕೆ ಬೇಡ

ಈ ಬದಿಗೆ ಬರೆಯಲು ಯಾರೂ ಒಪ್ಪಲಿಲ್ಲವಂತೆ, ಹಾಗಾಗಿ ನನ್ನ ತಲೆಗೆ ಬಂತು. ನಮ್ಮ ಮನೆ ಸ್ಲ್ಯಾಬಿನಲ್ಲೂ ಕಾಳಿ ಮರಳೇ ಇದೆ, ಮೊದಲೇ ಹೇಳಿಬಿಡುತ್ತೇನೆ.

ಜೋಯಿಡಾದ ಡಿಗ್ಗಿಯಲ್ಲಿ ಹುಟ್ಟಿ ಸುಮಾರು 184 ಕಿ.ಮೀ. ಹರಿದು ಬರುವಷ್ಟರಲ್ಲಿ ಈ ಹೊಳೆಗೆ ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಅಂತ ಒಂದರ ಹಿಂದೊಂದು ಅಣೆಕಟ್ಟು. ಮೇಲಿನ ಮರಳು ಅಲ್ಲೇ ಕೂರುತ್ತದೆ. ಇಲ್ಲಿ ತೆಗೆದ ಗುಂಡಿ ಮೊದಲಿನ ಹಾಗೆ ಬೇಗ ತುಂಬುವುದಿಲ್ಲ. ತಳ ಆಳವಾದರೆ ಉಪ್ಪುನೀರು ಇನ್ನೂ ಒಳಗೆ ಏರುತ್ತದೆ, ಹೊಳೆಬದಿಯ ಬಾವಿಗೆ ಅದೇ ಭಯ. 2024ರ ಆಗಸ್ಟ್ 7ರ ನಸುಕಿನಲ್ಲಿ ಕಾಳಿಯ ಹಳೆ ಸೇತುವೆ ಬಿದ್ದದ್ದನ್ನೂ ಮರಳಿನ ಲೆಕ್ಕಕ್ಕೆ ಹಾಕಿದ್ದರೆ ನನ್ನ ವಾದ ಜೋರಾಗುತ್ತಿತ್ತು, ಆದರೆ ಅದು ನ್ಯಾಯವಲ್ಲ.

ನಮ್ಮ ಕೇರಿಗೆ ತಿಸ್ರೆ ತರುವ ಅಕ್ಕ ಒಬ್ಬರಿದ್ದಾರೆ. ಇಳಿತದ ಹೊತ್ತಿಗೆ ಸೊಂಟದ ತನಕ ನೀರಲ್ಲಿ ನಿಂತು ಕಾಲಲ್ಲೇ ತಡಕಿ ಹೆಕ್ಕುತ್ತಾರೆ. ಮೊನ್ನೆ ಅವರ ಗುಪ್ಪೆ ಸಣ್ಣದಿತ್ತು. "ಯಾಕಕ್ಕ?" ಅಂದೆ. "ಮೊದಲು ನಿಲ್ಲುತ್ತಿದ್ದಲ್ಲಿ ಈಗ ಕಾಲಿಗೆ ತಳ ಸಿಗೋದಿಲ್ಲ" ಅಂದರು. ಚೌಕಾಸಿ ಮಾಡದೆ ತೆಗೆದುಕೊಂಡೆ.