ರೈಲಿನ ಬೆನ್ನೇರಿದ ಲಾರಿ

ಕೊಂಕಣ ರೈಲ್ವೆಯು 1999ರಲ್ಲಿ ಆರಂಭಿಸಿದ ರೋ-ರೋ ಸೇವೆಯನ್ನು, ಅಂದರೆ ಲಾರಿಗಳನ್ನೇ ರೈಲಿನ ಮೇಲೇರಿಸಿ ಸಾಗಿಸುವ ಸೇವೆಯನ್ನು, ಸುರತ್ಕಲ್ಲಿನಲ್ಲಿ ನಿಂತು ನೋಡಿದವರು ಅದನ್ನು ಸುಲಭವಾಗಿ ಮರೆಯಲಾರರು. ಸರಕು ತುಂಬಿದ ಲಾರಿಗಳು ಇಳಿಜಾರು ಕಟ್ಟೆಯನ್ನೇರಿ ಚಪ್ಪಟೆ ವ್ಯಾಗನ್‌ಗಳ ಮೇಲೆ ಒಂದರ ಹಿಂದೊಂದು ನಿಲ್ಲುತ್ತವೆ. ಚಾಲಕನೂ ಕ್ಲೀನರನೂ ತಮ್ಮ ಕ್ಯಾಬಿನ್ನಿನಲ್ಲೇ ಕುಳಿತು ಮಹಾರಾಷ್ಟ್ರದ ಕೋಲಾಡ್‌ವರೆಗೆ ಡೀಸೆಲ್ ಸುಡದೆ, ಟೈರ್ ಸವೆಸದೆ ಹೋಗುತ್ತಾರೆ. ಸರಕನ್ನು ನಡುವೆ ಇಳಿಸಿ ಏರಿಸುವ ಕೆಲಸವೇ ಇಲ್ಲದಿರುವುದು ಇದರ ಜಾಣತನ. ದೋಷವೂ ಅಲ್ಲೇ ಇದೆ: ಸರಕಿನ ಜೊತೆಗೆ ಎಂಜಿನ್, ಚಾಸಿ, ಟೈರುಗಳ ಭಾರವನ್ನೂ ರೈಲು ಹೊರಬೇಕು.

ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರ ಉರುಳುವಾಗ ಆಗುವ ಘರ್ಷಣೆ ಡಾಂಬರಿನ ಮೇಲೆ ರಬ್ಬರ್ ಟೈರ್ ಉರುಳುವಾಗಿನದಕ್ಕಿಂತ ಬಹಳ ಕಡಿಮೆ ಎಂಬುದರಲ್ಲಿ ವಿವಾದವಿಲ್ಲ. ಹಡಗಂತೂ ಟನ್ನಿನ ಲೆಕ್ಕದಲ್ಲಿ ಇನ್ನೂ ಅಗ್ಗ. ಆದರೂ ದೂರದ ಸರಕು ಹೆದ್ದಾರಿಯನ್ನು ಬಿಟ್ಟು ಕದಲುವುದಿಲ್ಲವೆಂದರೆ, ಅದಕ್ಕೆ ಲಾರಿ ಮಾಲೀಕರ ಹಟವನ್ನು ದೂರುವುದು ಅನ್ಯಾಯ. ಅವರು ಕಿಲೋಮೀಟರನ್ನಲ್ಲ, ತಿಂಗಳಿಗೆ ಎಷ್ಟು ಟ್ರಿಪ್ ಆಯಿತೆಂಬುದನ್ನು ಎಣಿಸುತ್ತಾರೆ, ಏಕೆಂದರೆ ಸಾಲದ ಕಂತು ಕಾಯುವುದಿಲ್ಲ. ಕೊಂಕಣ ಮಾರ್ಗದ ಬಹುಭಾಗ ಇಂದಿಗೂ ಒಂಟಿ ಹಳಿ. ಎದುರಿನಿಂದ ಪ್ರಯಾಣಿಕರ ರೈಲು ಬಂದರೆ ಸರಕಿನ ರೈಲು ಕ್ರಾಸಿಂಗ್ ನಿಲ್ದಾಣದಲ್ಲಿ ಕಾಯಬೇಕಾಗುತ್ತದೆ. ಜೂನ್‌ನಿಂದ ಮಳೆಗಾಲದ ವೇಳಾಪಟ್ಟಿ ಬಂದರೆ ರೈಲುಗಳ ವೇಗವೂ ತಗ್ಗುತ್ತದೆ. ಯಾವಾಗ ಮುಟ್ಟುತ್ತೇವೆಂದು ಹೇಳಲಾಗದ ಸೇವೆಗೆ ರಿಯಾಯಿತಿ ಕೊಟ್ಟು ಗಿರಾಕಿಯನ್ನು ಕರೆಯುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಸಮುದ್ರದ ಕಥೆಯೂ ಬೇರೆಯಲ್ಲ: ಕಾರ್ಖಾನೆಯಿಂದ ಬಂದರಿಗೆ, ಬಂದರಿನಿಂದ ಗೋದಾಮಿಗೆ ಲಾರಿಯೇ ಬೇಕು, ಎರಡೂ ತುದಿಯ ಏರಿಳಿಕೆಯ ಖರ್ಚು ನಡುವಿನ ಉಳಿತಾಯವನ್ನು ನುಂಗಿಹಾಕುತ್ತದೆ.

ಸ್ವಿಟ್ಜರ್ಲೆಂಡಿನವರು ಈ ಗಂಟನ್ನು ಬೇರೆ ಕಡೆಯಿಂದ ಬಿಚ್ಚಹೊರಟರು. ಆಲ್ಪ್ಸ್ ದಾಟುವ ಸರಕು ರೈಲಿನಲ್ಲಿ ಹೋಗಲೆಂದು 1994ರಲ್ಲಿ ಜನಮತದಿಂದ ತೀರ್ಮಾನಿಸಿದರು. 2001ರಿಂದ ಲಾರಿಗಳ ಮೇಲೆ ತೂಕಕ್ಕೂ ದೂರಕ್ಕೂ ತಕ್ಕ ಸುಂಕ ಹಾಕಿ, ಅದರ ಬಹುಪಾಲನ್ನು ರೈಲು ಕಾಮಗಾರಿಗಳಿಗೆ ತಿರುಗಿಸಿದರು. 2016ರಲ್ಲಿ ತೆರೆದ 57 ಕಿಲೋಮೀಟರ್ ಉದ್ದದ ಗೊಟ್ಹಾರ್ಡ್ ರೈಲು ಸುರಂಗದಲ್ಲಿ ಲಾರಿಗಳು ತೆತ್ತ ಹಣವೂ ಇದೆ. ಹಾಗಿದ್ದೂ ಆಲ್ಪ್ಸ್ ದಾಟುವ ಲಾರಿಗಳ ಸಂಖ್ಯೆಯನ್ನು ವರ್ಷಕ್ಕೆ 6.5 ಲಕ್ಷಕ್ಕೆ ಇಳಿಸುವ ಗುರಿಯನ್ನು ಅವರಿಗೆ ಗಡುವಿನೊಳಗೆ ಮುಟ್ಟಲಾಗಲಿಲ್ಲ.

ಸುಂಕವನ್ನಷ್ಟೇ ಅವರಿಂದ ಎರವಲು ತಂದರೆ ಇಲ್ಲಿ ತರಕಾರಿಯ ಬೆಲೆ ಏರುತ್ತದೆಯೇ ಹೊರತು ಕರಾವಳಿಯ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಲಾರಿ ಕಡಿಮೆಯಾಗದು. ಮೊದಲು ಜೋಡಿ ಹಳಿ ಬರಲಿ, ಸರಕಿನ ರೈಲಿಗೂ ಹೊರಡುವ, ಮುಟ್ಟುವ ಗಂಟೆ ನಿಗದಿಯಾಗಲಿ; ಸುಂಕದ ಮಾತನ್ನು ಆಮೇಲೆ ಆಡೋಣ.